ಒಂದು ಮೀನು ಕಡಿಮೆ

ಡಾಕ್ಟರ್ ಮಹಾಬಲೇಶ್ವರ ಬ್ರಿಸ್ಬೇನಿನಲ್ಲಿ ಕೆಲಸ ಕಳೆದುಕೊಂಡದ್ದು ಬಿಯರ್ ಕುಡಿಯದೆ. ಅಡಿಲೇಡಿನಲ್ಲಿ ಕಳೆದುಕೊಂಡದ್ದು ವೈನ್ ಕುಡಿದು. ‘ಕಳೆದುಕೊಂಡದ್ದು’ ಎಂಬ ಮಾತನ್ನು ಅವನು ಒಪ್ಪುತ್ತಿರಲಿಲ್ಲ. ಎರಡೂ ಕಡೆ ಮೂರು ವರ್ಷದ ಕರಾರು, ಮುಗಿಯಿತು, ಮುಂದುವರಿಸಲಿಲ್ಲ, ಅಷ್ಟೆ. ಆದರೆ ಯಾಕೆ ಮುಂದುವರಿಸಲಿಲ್ಲ ಎಂಬುದಕ್ಕೆ ಅವನ ಬಳಿ ಒಂದು ಸಿದ್ಧಾಂತವಿತ್ತು. ಕೇಳಲು ಕೂತವರಿಗೆ ಕಾಫಿ ಆರುವವರೆಗೂ ಹೇಳುತ್ತಿದ್ದ.

ಅವನದು ಅರಿವಳಿಕೆ ಕೊಡುವ ವಿಭಾಗ. ಆಪರೇಷನ್ನಿಗೆ ಬಂದವರನ್ನು ನಿದ್ದೆ ಮಾಡಿಸಬೇಕು, ಮುಗಿದ ಮೇಲೆ ಎಬ್ಬಿಸಬೇಕು. ಎಬ್ಬಿಸುವುದರಲ್ಲಿ ಅವನು ಎಂದೂ ತಪ್ಪಿದವನಲ್ಲ. ಬ್ರಿಸ್ಬೇನಿನಲ್ಲಿ ತಪ್ಪಿದ್ದು ಶುಕ್ರವಾರದ ಸಂಜೆಗಳಲ್ಲಿ. ವಿಭಾಗದವರೆಲ್ಲ ಪಬ್ಬಿಗೆ ಹೊರಟರೆ ಇವನು ಮನೆಯಲ್ಲಿ ಪೂಜೆ ಎನ್ನುತ್ತಿದ್ದ. ಪ್ರತಿ ಶುಕ್ರವಾರವೂ ಪೂಜೆಯಾದರೆ ಯಾವ ದೇವರಿಗಾದರೂ ಅನುಮಾನ ಬರುತ್ತದೆ. ಕೊನೆಗೊಮ್ಮೆ ಹೋದ, ಕೈಗೆ ಬಂದ ಬಿಯರನ್ನು ಯಾರಿಗೂ ಕಾಣದಂತೆ ಹೂವಿನ ಕುಂಡಕ್ಕೆ ಸುರಿದ. ಕಂಡವರು ಬಹಳ ಜನ. ‘ಒಳ್ಳೆಯ ಡಾಕ್ಟರು, ಆದರೆ ನಮ್ಮ ಜೊತೆ ಸೇರುವುದಿಲ್ಲ’ ಎಂದು ಬೀಳ್ಕೊಟ್ಟರು.

ಸರಿ, ಅಡಿಲೇಡಿನಲ್ಲಿ ಸೇರಿಯೇ ತೀರುತ್ತೇನೆ ಎಂದು ಬಿಯರ್ ಅಭ್ಯಾಸ ಮಾಡಿಕೊಂಡು ಹೋದರೆ ಅಲ್ಲಿಯ ಮುಖ್ಯಸ್ಥ ವೈನಿನವನು. ಮಹಾಬಲೇಶ್ವರ ಎದೆಗುಂದಲಿಲ್ಲ. ಮೈಸೂರಿನಲ್ಲಿ ಅನಾಟಮಿ ಓದಿದ ಕ್ರಮದಲ್ಲೇ ವೈನನ್ನೂ ಓದಿದ. ಬ್ಲೇರ್ ಅಥಾಲಿನ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಎದ್ದು ವೈನಿನ ದ್ರಾಕ್ಷಿ ಬೆಳೆಯುವ ಕಣಿವೆಗಳ ಹೆಸರು ಬಾಯಿಪಾಠ ಮಾಡಿದ. ಆಮೇಲೆ ಮುಖ್ಯಸ್ಥನ ಮನೆಯ ಊಟದಲ್ಲಿ, ಮೇಜಿನ ಸುತ್ತ ಅತಿಥಿಗಳು ಕೂತಿರುವಾಗ, ಲೋಟವನ್ನು ಮೂಸಿ ನೋಡಿ, ‘ಇದು ನೀವು ಹೇಳಿದ ಕಣಿವೆಯದಲ್ಲ, ಅದರ ಪಕ್ಕದ್ದು’ ಎಂದ. ಬಾಟಲಿ ತರಿಸಿ ನೋಡಿದರು. ಅವನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದದ್ದೇ ತೊಂದರೆಯಾಯಿತು.

ಎರಡು ಊರು ಕಲಿಸಿದ ಪಾಠವನ್ನು ಕೂಡಿಸಿ ಮಾಡಿದ ಸಿದ್ಧಾಂತ ಇಷ್ಟು: ಈ ದೇಶದಲ್ಲಿ ಕೆಲಸ ಕಾಯಂ ಆಗಬೇಕಾದರೆ ಮೇಲಿನವನ ಹವ್ಯಾಸ ನಮಗೂ ಇರಬೇಕು, ಆದರೆ ಅವನಿಗಿಂತ ಒಂದು ಗೇಣು ಕೆಳಗಿರಬೇಕು. ಸೊನ್ನೆಯೂ ಅಪಾಯ, ನೂರಕ್ಕೆ ನೂರೂ ಅಪಾಯ.

ಅವನ ಹೆಂಡತಿ ಕಸ್ತೂರಿಗೆ ಸಿದ್ಧಾಂತ ಇರಲಿಲ್ಲ, ಪಾತ್ರೆಗಳಿದ್ದವು. “ಬ್ರಿಸ್ಬೇನ್ ಪೇಪರಲ್ಲಿ ಸುತ್ತಿದ್ದನ್ನ ಅಡಿಲೇಡಲ್ಲಿ ಬಿಚ್ಚಿದೆ. ಅಡಿಲೇಡ್ ಪೇಪರಲ್ಲಿ ಸುತ್ತಿದ್ದನ್ನ ಪರ್ತಲ್ಲಿ ಬಿಚ್ಚಿದೀನಿ. ಇನ್ನು ನಾನು ಸುತ್ತೋದಿಲ್ಲ ರೀ,” ಎಂದಿದ್ದಳು. ಪರ್ತಿಗೆ ಬಂದ ಮೇಲೆ ಅವಳಿಗೆ ಮೋರ್ಲಿಯ ದೊಡ್ಡ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಥಾನಿನಿಂದ ಬಟ್ಟೆ ಅಳೆದು ಕತ್ತರಿಸಿ ಕೊಡುವುದು. ‘ಕಸ್ ಇದ್ದಾಳಾ’ ಎಂದು ಅವಳನ್ನೇ ಕೇಳಿಕೊಂಡು ಬರುವ ಗಿರಾಕಿಗಳಿದ್ದರು. ಹುಟ್ಟಿದ ಮೇಲೆ ಅವಳು ದುಡಿದ ಮೊದಲ ಸಂಬಳ ಅದು, ಅವಳನ್ನು ಮಹಾಬಲೇಶ್ವರನ ಹೆಂಡತಿ ಎನ್ನದೆ ಗುರುತಿಸಿದ ಮೊದಲ ಜಾಗವೂ ಅದೇ. ಮಗಳು ಮೈತ್ರೇಯಿಗೆ ಇದು ಮೂರನೇ ಶಾಲೆ. “ಅಮ್ಮಾ, if we move again I'm staying with Debbie,” ಎಂದು ಅವಳೂ ಹೇಳಿ ಆಗಿತ್ತು.

ಹೀಗಿರುವಾಗ, ಎಂಬತ್ತೆರಡನೇ ಇಸವಿಯ ಜನವರಿಯಲ್ಲಿ, ಆಸ್ಪತ್ರೆಯ ಟೀ ರೂಮಿನಲ್ಲಿ ವಿಭಾಗದ ಮುಖ್ಯಸ್ಥ ಡಾಕ್ಟರ್ ಕಾಲಿನ್ ರಾಟ್ರೆ ಕೇಳಿದ:

“ಮ್ಯಾಕ್, ಮೀನು ಹಿಡೀತೀಯಾ?”

ಮ್ಯಾಕ್ ಅಂದರೆ ಮಹಾಬಲೇಶ್ವರ. ಈ ಊರಿನಲ್ಲಿ ಅಷ್ಟಕ್ಕೆ ಇಳಿದಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ದಕ್ಷಿಣದ ಕಡಲತೀರದುದ್ದಕ್ಕೂ ಸಾಲ್ಮನ್ ಮೀನಿನ ಹಿಂಡು ಬರುತ್ತದೆ, ರಾಟ್ರೆ ಪ್ರತಿ ವರ್ಷ ವಿಭಾಗದ ಒಬ್ಬಿಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ, ಕರೆಸಿಕೊಂಡವರು ಕಾಯಂ ಆಗುತ್ತಾರೆ ಎಂಬುದು ಆಸ್ಪತ್ರೆಯಲ್ಲೆಲ್ಲ ಗೊತ್ತಿದ್ದ ಗುಟ್ಟು. ಮಹಾಬಲೇಶ್ವರನ ಕರಾರು ಜೂನಿಗೆ ಮುಗಿಯುವುದಿತ್ತು.

“ಹಿಡೀದೆ ಏನು,” ಎಂದ ಮಹಾಬಲೇಶ್ವರ.

“ಹೆಂಡತಿ?”

ಬಾಯಿ ಒಮ್ಮೆ ತೆರೆದಿತ್ತು, ಮುಚ್ಚಲು ಪುರುಸೊತ್ತಾಗಲಿಲ್ಲ. “ಅವಳು ನನಗಿಂತ ಜೋರು.”

ಸಂಜೆ ಮನೆಯಲ್ಲಿ ಕಸ್ತೂರಿ ಒಲೆ ಆರಿಸಿ ಕುರ್ಚಿಯ ಮೇಲೆ ಕೂತಳು. “ನಾನು ಮೀನು ಅಂತ ನೋಡಿದ್ದು ಒಂದೇ ಕಡೆ. ಚಿಕ್ಕವಳಿದ್ದಾಗ ನದಿ ಮೆಟ್ಟಿಲ ಮೇಲೆ ಕೂತು ಪುರಿ ಹಾಕ್ತಿದ್ವಿ. ದೇವರ ಮೀನು, ಕೈ ತೋರಿಸ್ಬೇಡ, ಬೆರಳು ಕೊಳೆಯುತ್ತೆ ಅಂತಿದ್ರು ಅಜ್ಜಿ. ಈಗ ಗಾಳ ಹಾಕೋದಾ?”

“ಹಾಕಿದ್ರೆ ಸಾಕು ಕಣೆ, ಬೀಳಲೇಬೇಕು ಅಂತೇನಿಲ್ಲ. ರಾಟ್ರೆ ಎಷ್ಟು ಹಿಡೀತಾನೋ ನೋಡ್ಕೊಳ್ಳೋದು. ಅದಕ್ಕಿಂತ ಒಂದು ಕಡಿಮೆ ಹಿಡಿಯೋದು.”

“ತಿನ್ನಿ ಅಂತ ಮುಂದೆ ಇಟ್ರೆ?”

ಕಸ್ತೂರಿಯೇ ಮೈಸೂರಿನಿಂದ ಅಂಚೆಯಲ್ಲಿ ಬಂದಿದ್ದ ಪಂಚಾಂಗ ತೆಗೆದಳು. ಮೀನಿಗೆ ಹೋಗಬೇಕಾದ ಶನಿವಾರ ಏಕಾದಶಿ ಬಿದ್ದಿರಲಿಲ್ಲ. “ಸಮುದ್ರ ದಾಟಿದ ಮೇಲೆ ತಿಥಿ ಹಿಂದುಮುಂದು ಆಗ್ಲೇಬೇಕಲ್ಲ,” ಎಂದು ಅದನ್ನು ಶನಿವಾರಕ್ಕೆ ತಂದಳು.

ಇನ್ನು ಕಲಿಸುವವರು ಬೇಕು. ಪರ್ತಿನ ಕನ್ನಡಿಗರಲ್ಲಿ ಇದಕ್ಕೆ ಎರಡು ಮಾತಿಲ್ಲ. ಥಾರ್ನ್ಲಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಲಿಗೋರಿ ಸಲ್ಡಾನ ಮಂಗಳೂರಿನವನು. ಮಂಗಳೂರಿನವನು, ಅದರಲ್ಲೂ ಕ್ರಿಶ್ಚಿಯನ್, ಅಂದ ಮೇಲೆ ಮೀನು ಹಿಡಿಯಲು ಬಾರದೆ ಇರುತ್ತದೆಯೇ ಎಂಬುದು ಮೈಸೂರು ಕಡೆಯವರೆಲ್ಲರ ತಿಳಿವಳಿಕೆ. ಸಲ್ಡಾನ ಈ ತಿಳಿವಳಿಕೆಯನ್ನು ತಿದ್ದಲು ಎಂದೂ ಹೋಗಿರಲಿಲ್ಲ. ಗೌರವ ತಾನಾಗಿ ಬಂದರೆ ಬೇಡವೆನ್ನುವ ಮನುಷ್ಯನಲ್ಲ ಅವನು.

“ಅದೆಂತ ದೊಡ್ಡ ಸಂಗತಿ ಮಾರಾಯ್ರೆ,” ಎಂದ. “ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನಾನೇ ಬರ್ತೇನೆ. ಮೊದಲು ಮೀನಿನ ಮನಸ್ಸು ಅರ್ಥ ಮಾಡಿಕೊಳ್ಳಬೇಕು.”

ಮೋರ್ಲಿಯ ಮಹಾಬಲೇಶ್ವರನ ಮನೆಯ ಹಿತ್ತಲಿನ ಹುಲ್ಲಿನ ಮೇಲೆ ಪಾಠ ಶುರುವಾಯಿತು. ಗಾಳದ ಬದಲು ದಾರದ ತುದಿಗೆ ಸೀಸದ ಗುಂಡು. ಸಲ್ಡಾನ ಕುರ್ಚಿಯಲ್ಲಿ ಕೂತು ಮೀನಿನ ಕಿವಿರು ಎತ್ತಿ ಬಣ್ಣ ನೋಡುವುದು ಹೇಗೆ, ಕಣ್ಣು ಹೊಳೆಯುತ್ತಿದ್ದರೆ ಏನು, ಬೆರಳಿನಿಂದ ಒತ್ತಿದರೆ ಮಾಂಸ ಹೇಗೆ ಮರಳಿ ಏಳಬೇಕು ಎಂದು ಬಹಳ ಚೆನ್ನಾಗಿ ವಿವರಿಸಿದ. ಮಹಾಬಲೇಶ್ವರ ಬರೆದುಕೊಳ್ಳುವುದೊಂದು ಬಾಕಿ.

“ಅದೆಲ್ಲ ಹಿಡಿದ ಮೇಲಲ್ವಾ?” ಎಂದಳು ಕಸ್ತೂರಿ. “ಹಿಡಿಯೋದು ಹೇಗೆ?”

“ಹಿಡಿಯೋದು ಎಂತ, ಬಿಸಾಡುವುದು, ಎಳೆಯುವುದು,” ಎಂದು ಸಲ್ಡಾನ ಎದ್ದು ಗಾಳದ ಕೋಲು ಬೀಸಿದ. ಗುಂಡು ಬೇಲಿ ದಾಟಿ ಪಕ್ಕದ ಮನೆಯ ಬಟ್ಟೆ ಒಣಹಾಕುವ ತಂತಿಗೆ ಸುತ್ತಿಕೊಂಡಿತು. ಎಳೆದಾಗ ಬಂದದ್ದು ಒಂದು ದೊಡ್ಡ ಒಳಚಡ್ಡಿ.

ಜೊತೆಗೆ ಬಂದಿದ್ದ ಅವನ ಹೆಂಡತಿ ಫ್ಲೋರಿನ್ ಟೀ ಕಪ್ಪು ಕೆಳಗಿಟ್ಟಳು. “ಕಸ್ತೂರಿ, ನಿಮಗೆ ಹೇಳ್ತೇನೆ. ಇವರಿಗೆ ಮೀನಿನ ಪರಿಚಯ ಇರುದು ಬಟ್ಟಲಲ್ಲಿ ಮಾತ್ರ. ಊರಲ್ಲಿ ಮೀನಿನವಳು ಬುಟ್ಟಿ ಹೊತ್ತು ಬಾಗಿಲಿಗೆ ಬರ್ತಿದ್ದಳು. ಇವರು ಕಡಲಿಗೆ ಕಾಲು ಇಟ್ಟದ್ದು ನಾನು ನೋಡ್ಲಿಲ್ಲ.”

“ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ,” ಎಂದ ಸಲ್ಡಾನ ತಣ್ಣಗೆ. ಮಹಾಬಲೇಶ್ವರ ತಲೆದೂಗಿದ. ಅವನಿಗೆ ಗುರುವಿನ ಮೇಲೆ ನಂಬಿಕೆ ಹೋಗಲಿಲ್ಲ. ಗುರು ತಪ್ಪಿದರೂ ಸಿಲಬಸ್ ಸರಿಯಿರಬಹುದು.

ಕಸ್ತೂರಿ ಒಳಚಡ್ಡಿಯನ್ನು ಬಿಡಿಸಿ ಬೇಲಿಯ ಮೇಲಿಟ್ಟು, ಕೋಲನ್ನು ಕೈಗೆ ತೆಗೆದುಕೊಂಡಳು. ಒಮ್ಮೆ ತೂಕ ನೋಡಿದಳು. ಬುಡವನ್ನು ಸೊಂಟಕ್ಕೆ ತಾಗಿಸಿ, ತುದಿಯನ್ನು ಹಿಂದಕ್ಕೆ ಬಿಟ್ಟು, ಮೇಲೆತ್ತಿ ಒಗೆದಳು. ಗುಂಡು ಹಿತ್ತಲಿನ ಆ ತುದಿಯ ನಿಂಬೆ ಗಿಡದ ಬುಡಕ್ಕೆ ನೆಟ್ಟಗೆ ಹೋಗಿ ಬಿತ್ತು. ಇನ್ನೊಮ್ಮೆ ಒಗೆದಳು. ಅಲ್ಲಿಗೇ ಹೋಯಿತು.

ಗಂಡಸರಿಬ್ಬರೂ ನಿಂಬೆ ಗಿಡದ ಕಡೆ ನೋಡಿದರು.

ಅವಳಿಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಮೈಸೂರಿನ ಅಗ್ರಹಾರದ ಮನೆಯಲ್ಲಿ ಅಜ್ಜಿಯ ಮಡಿ ಸೀರೆಯನ್ನು ಸೂರಿನ ಹತ್ತಿರ ತೂಗುಹಾಕಿದ್ದ ಗಳುವಿನ ಮೇಲೆ ಒಣಹಾಕುವ ಕೆಲಸ ಅವಳದಾಗಿತ್ತು. ಕೈ ತಾಗಬಾರದು, ಗೋಡೆ ತಾಗಬಾರದು. ಒದ್ದೆ ಸೀರೆಯನ್ನು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ, ಎತ್ತಿ, ಗಳುವಿನಾಚೆ ಬೀಳುವಂತೆ ಒಗೆದು, ಮತ್ತೆ ಕೋಲಿನಿಂದಲೇ ಎಳೆದು ಹರಡಬೇಕು. ತಪ್ಪಿ ನೆಲಕ್ಕೆ ಬಿದ್ದರೆ ಅಜ್ಜಿ ಮತ್ತೆ ಸ್ನಾನ ಮಾಡಿ ಮತ್ತೆ ಒಗೆಯುತ್ತಿದ್ದರು, ಒಗೆಯುವಷ್ಟು ಹೊತ್ತೂ ಬೈಯುತ್ತಿದ್ದರು. ಹಾಗೆ ಕಲಿತದ್ದು ಮರೆಯುವುದಿಲ್ಲ. ಮೀನು ಮುಟ್ಟಿದರೆ ಮೈಲಿಗೆ ಎನ್ನುವ ಮನೆಯಲ್ಲಿ ಅವಳಿಗೆ ಮೀನು ಹಿಡಿಯುವ ವಿದ್ಯೆ ಹೀಗೆ ಪೂರ್ತಿ ಸಿಕ್ಕಿಹೋಗಿತ್ತು.

ಎರೆಯಾಗಿ ಸಣ್ಣ ಮೀನು ಚುಚ್ಚುವುದಕ್ಕೆ ಮಾತ್ರ ಅವಳು ಒಪ್ಪಲಿಲ್ಲ. ಅಂಗಡಿಯಲ್ಲಿ ಕೇಳಿ ನೋಡಿ, ಚಮಚದಂತೆ ಮಿರುಗುವ ಲೋಹದ ತಗಡಿನ ಗಾಳ ಕೊಂಡಳು. “ಸ್ಟೀಲಿಗೆ ಮುಸುರೆ ಇಲ್ಲ,” ಎಂದಳು. ಅಂಗಡಿ ಮುಚ್ಚಿದ ಶನಿವಾರ ಮಧ್ಯಾಹ್ನಗಳಲ್ಲಿ ಗಂಡ ಹೆಂಡತಿ ಕಡಲತೀರಕ್ಕೆ ಹೋಗಿ ಅಭ್ಯಾಸ ಮಾಡಿದರು. ಗಂಡನ ಗಾಳಕ್ಕೆ ಪಾಚಿ ಬಿತ್ತು, ಇನ್ನೊಬ್ಬರ ದಾರ ಬಿತ್ತು, ಒಮ್ಮೆ ಅವನದೇ ಟೋಪಿ ಬಿತ್ತು. ಹೆಂಡತಿಯ ಗಾಳಕ್ಕೆ ಒಂದು ಸಂಜೆ ಅಂಗೈಯಗಲದ ಒಂದು ಮೀನು ಬಿತ್ತು. ಅವಳು ಸೆರಗನ್ನು ಒದ್ದೆ ಮಾಡಿ ಅದರಿಂದಲೇ ಮೀನನ್ನು ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಟ್ಟಳು. ಮೀನು ಒಂದು ಗಳಿಗೆ ಅವಳ ಕಾಲ ಬಳಿಯೇ ನಿಂತಿದ್ದು, ಆಮೇಲೆ ಹೋಯಿತು. ಕಾರಿನಿಂದ ಇಳಿಯುವಾಗ, “ಎಳೆದಾಗ ಕೈಯಲ್ಲಿ ಹೇಗೆ ಬರುತ್ತೆ ಗೊತ್ತಾ ರೀ,” ಎಂದಳು. ಅವನಿಗೆ ಗೊತ್ತಿರಲಿಲ್ಲ.

ಫೆಬ್ರವರಿಯ ಕೊನೆಯ ಶನಿವಾರ ಯಾಲಿಂಗಪ್ ಹತ್ತಿರದ ಕಡಲತೀರದಲ್ಲಿ ನಾಲ್ಕು ಜನ ಸೇರಿದರು: ರಾಟ್ರೆ, ಅವನ ಹೆಂಡತಿ ಜೋನ್, ಮಹಾಬಲೇಶ್ವರ ಮತ್ತು ಕಸ್ತೂರಿ. ಮೈತ್ರೇಯಿಯನ್ನು ಅವಳ ಗೆಳತಿ ಡೆಬ್ಬಿಯ ಮನೆಯಲ್ಲಿ ಬಿಟ್ಟಿದ್ದರು. ಸೂರ್ಯ ಆಗಲೇ ಮರಳನ್ನು ಕಾಯಿಸಿದ್ದ. ಇಳಿದ ಕೂಡಲೇ ಮಹಾಬಲೇಶ್ವರ ಇವತ್ತು ತಮ್ಮ ಉಪವಾಸವೆಂದು, ಸೂರ್ಯ ಮುಳುಗುವವರೆಗೆ ನೀರು ಬಿಟ್ಟರೆ ಬೇರೇನೂ ಮುಟ್ಟುವಂತಿಲ್ಲವೆಂದು ಗಂಭೀರವಾಗಿ ಸಾರಿದ.

ಜೋನ್‌ಳ ಮುಖ ಬಾಡಿತು. “ಅಯ್ಯೋ, ಕಾಲಿನ್ ನೀವು ವೆಜಿಟೇರಿಯನ್ ಅಂದಿದ್ದ. ಬಾರ್ಬಿಯ ಕೆಂಡದಲ್ಲಿ ಸುಡೋಕೆ ಅಂತ ಜೋಳ, ಆಲೂಗಡ್ಡೆ, ಬದನೆಕಾಯಿ ತಂದಿದೀನಿ. ಮೊಟ್ಟೆ ಹಾಕದ ಕೇಕ್ ಕೂಡ ಮಾಡಿದೆ.”

“ಸಾಲ್ಮನ್?” ಎಂದ ಮಹಾಬಲೇಶ್ವರ ಕ್ಷೀಣವಾಗಿ.

“ಅದನ್ನ ಯಾರು ತಿಂತಾರೆ?” ಎಂದು ರಾಟ್ರೆ ನಕ್ಕ. ಅದಕ್ಕೆ ಇಂಗ್ಲೆಂಡಿನ ಸಾಲ್ಮನ್ನಿನ ಹೆಸರಷ್ಟೇ, ನೆಂಟಸ್ತಿಕೆಯೇನೂ ಇಲ್ಲ. ಊರು ಬಿಟ್ಟು ಬಂದ ಬಿಳಿಯರು ಊರಿನ ನೆನಪಿಗೆ ಸಿಕ್ಕ ಮೀನಿಗೆ ಆ ಹೆಸರಿಟ್ಟರು. ರಾಟ್ರೆ ಹಿಡಿದದ್ದನ್ನು ಕಡಿದು ಕ್ರೇ ಹಿಡಿಯುವ ಬುಟ್ಟಿಗೆ ಎರೆಯಾಗಿ ಹಾಕುತ್ತಿದ್ದ. ದೊಡ್ಡ ಸಿಗಡಿಯಂಥ ಆ ಕ್ರೇ ತಿನ್ನಲು ಮಾತ್ರ ಅವನಿಗೆ ಬಹಳ ಇಷ್ಟ.

ಬದನೆಕಾಯಿ ಸುಡುವ ವಾಸನೆ ಗಾಳಿಯಲ್ಲಿ ಬಂತು. ಕಸ್ತೂರಿ ಗಂಡನ ಕಡೆ ನೋಡಿದಳು. ಅವನು ಸಮುದ್ರದ ಕಡೆ ನೋಡಿದ.

ಬೆಳಿಗ್ಗೆಯೆಲ್ಲ ಏನೂ ಆಗಲಿಲ್ಲ. ರಾಟ್ರೆ ಎರೆ ಚುಚ್ಚಿದ, ಒಗೆದ, ಕಾದ. ಮಹಾಬಲೇಶ್ವರ ಅವನಿಂದ ಹತ್ತು ಮಾರು ದೂರದಲ್ಲಿ, ಅವನಿಗಿಂತ ಸ್ವಲ್ಪ ಹತ್ತಿರಕ್ಕೆ ಒಗೆಯುತ್ತ ನಿಂತ. ಸಿದ್ಧಾಂತದಲ್ಲಿ ಒಂದು ತೂತಿದೆಯೆಂದು ಅವನಿಗೆ ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಮುಖ್ಯಸ್ಥನಿಗೆ ಬಿದ್ದದ್ದು ಸೊನ್ನೆ. ಸೊನ್ನೆಗಿಂತ ಒಂದು ಕಡಿಮೆ ಹಿಡಿಯುವುದು ಹೇಗೆ?

ಆಗ ಮೋಡವಿಲ್ಲದ ಆಕಾಶದ ಕೆಳಗೆ, ನೀರಿನ ಮೇಲೆ ಮೋಡದ ನೆರಳಿನಂಥ ಕಪ್ಪು ಮಚ್ಚೆಯೊಂದು ದಡದುದ್ದಕ್ಕೂ ಸರಿದು ಬಂತು. ರಾಟ್ರೆ ಪಿಸುಗುಟ್ಟಿದ: “ಬಂದವು.”

ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಗಂಡನ ಹಳೆ ಶರ್ಟು ತೊಟ್ಟು ನಿಂತಿದ್ದ ಕಸ್ತೂರಿ ಕೋಲನ್ನು ಹಿಂದಕ್ಕೆ ಬಿಟ್ಟು ಒಗೆದಳು. ತಗಡು ಬಿಸಿಲಿನಲ್ಲಿ ಒಮ್ಮೆ ಮಿಂಚಿ ಮಚ್ಚೆಯ ಆಚೆಯ ಅಂಚಿಗೆ ಬಿತ್ತು. ಅವಳು ದಾರವನ್ನು ಎರಡು ಸುತ್ತು ಸುತ್ತುವಷ್ಟರಲ್ಲಿ ಕೋಲು ಬಿಲ್ಲಾಯಿತು. ದೂರದಲ್ಲಿ ತೋಳಿನುದ್ದದ ಮೀನೊಂದು ನೀರಿನಿಂದ ನೆಗೆದು ತಲೆ ಕೊಡವಿ ಬಿತ್ತು. ರೀಲು ಕಿರುಗುಟ್ಟಿತು.

ಮಹಾಬಲೇಶ್ವರ ಮರಳಿನಲ್ಲಿ ಓಡಿ ಬಂದ. “ಬಿಟ್ಬಿಡು ಕಣೆ.”

“ಏನು?”

“ದಾರ ಸಡಿಲ ಬಿಡು. ತಪ್ಪಿಸ್ಕೊಳ್ಳಲಿ. ಅವನಿಗೆ ಒಂದೂ ಬಿದ್ದಿಲ್ಲ.”

“ನನಗೆ ಬಿದ್ದಿದೆ.”

“ಅಡಿಲೇಡಲ್ಲಿ ಏನಾಯ್ತು ಮರೆತ್ಯಾ? ಲೋಟ ಮೂಸಿದ್ದಕ್ಕೆ ಊರು ಬಿಡಬೇಕಾಯ್ತು. ಇದು ಅದಕ್ಕಿಂತ ಹೆಚ್ಚು. ಅವನ ಸಮುದ್ರ, ಅವನ ಮೀನು, ಅವನ ಹೆಂಡತಿ ನೋಡ್ತಿದಾಳೆ. ಕಸ್ತೂರಿ, ಜೂನಲ್ಲಿ ಮತ್ತೆ ಪಾತ್ರೆ ಸುತ್ತಬೇಕಾಗುತ್ತೆ.”

ಮೀನು ಎಡಕ್ಕೆ ಎಳೆಯಿತು. ಅವಳು ಅದರ ಜೊತೆ ನಾಲ್ಕು ಹೆಜ್ಜೆ ನೀರಿನಲ್ಲಿ ಹೋದಳು, ಬಿಟ್ಟಷ್ಟು ಬಿಟ್ಟು ಮತ್ತೆ ಸುತ್ತಿಕೊಂಡಳು. ಮುಖ ಕೆಂಪಾಗಿತ್ತು. ಮೋರ್ಲಿಯ ಅಂಗಡಿಯ ಉದ್ದನೆಯ ಮೇಜು, ಅದರ ಅಂಚಿಗೆ ಮೊಳೆ ಹೊಡೆದ ಹಿತ್ತಾಳೆಯ ಅಳತೆಪಟ್ಟಿ, ಸೋಮವಾರ ಬಂದು ಪರದೆ ಬಟ್ಟೆ ಕತ್ತರಿಸಿಕೊಳ್ಳುತ್ತೇನೆ ಎಂದಿದ್ದ ಮುದುಕಿ ಎಲ್ಲ ಆ ದಾರದ ಈ ತುದಿಯಲ್ಲಿದ್ದವು. ಆ ತುದಿಯಲ್ಲಿ ಮೀನು.

“ಬಿಟ್ರೆ ಗಾಳ ಬಾಯಲ್ಲೇ ಉಳಿಯುತ್ತೆ, ಸಾಯುತ್ತೆ,” ಎಂದಳು. ಆಮೇಲೆ ತಿರುಗಿ, ಗೌರವದ ಇಂಗ್ಲಿಷಿನಲ್ಲಿ ಕರೆದಳು: “ಡಾಕ್ಟರ್ ರಾಟ್ರೆ, ಸ್ವಲ್ಪ ಇದನ್ನ ಹಿಡ್ಕೋತೀರಾ? ನನ್ನ ಸೀರೆ ಬಿಚ್ಚಿಹೋಗ್ತಿದೆ.”

ಸೀರೆಗೆ ಏನೂ ಆಗಿರಲಿಲ್ಲ. ಆದರೆ ಹೆಂಗಸಿನ ಸೀರೆಯ ವಿಷಯದಲ್ಲಿ ಎರಡನೇ ಪ್ರಶ್ನೆ ಕೇಳುವ ಮನುಷ್ಯನಲ್ಲ ರಾಟ್ರೆ. ಓಡಿ ಬಂದು ಕೋಲು ಹಿಡಿದ. ಹಿಡಿದದ್ದೇ ಅವನ ಬೆನ್ನು ನೆಟ್ಟಗಾಯಿತು, ಇಪ್ಪತ್ತು ವರ್ಷ ಕಡಿಮೆಯಾಯಿತು. ಕಸ್ತೂರಿ ಅವರಿಗೆ ಬೆನ್ನು ಹಾಕಿ ನಿಂತು, ಸರಿಯಾಗಿದ್ದ ನೆರಿಗೆಯನ್ನು ಬಿಚ್ಚಿ, ಮತ್ತೆ ಒಂದೊಂದಾಗಿ ಹಿಡಿದು ಸಿಕ್ಕಿಸಿದಳು. ತಿರುಗುವ ಹೊತ್ತಿಗೆ ಮೀನು ಮರಳಿನ ಮೇಲಿತ್ತು.

“ಬಿಡೋದಿಲ್ವಾ?” ಎಂದು ಕೇಳಿದಳು.

ರಾಟ್ರೆ ಮರದ ದೊಣ್ಣೆಯಿಂದ ಅದರ ತಲೆಗೆ ಒಂದು ಹೊಡೆದ. “ಅರ್ಧ ಡಜನ್ ಕ್ರೇ ಬರುತ್ತೆ ಇದಕ್ಕೆ,” ಎಂದ. ಮೀನನ್ನು ಎರಡು ಕೈಯಲ್ಲಿ ಎತ್ತಿ ನಿಂತ. ಜೋನ್ ಕ್ಯಾಮೆರಾ ತಂದಳು. ಅವಳ ಕೈ ಎಣ್ಣೆಯಾಗಿದ್ದರಿಂದ ಫೋಟೊ ತೆಗೆದದ್ದು ಕಸ್ತೂರಿ. ರಾಟ್ರೆಯ ಪಕ್ಕದಲ್ಲಿ ಮಹಾಬಲೇಶ್ವರ ಹಲ್ಲು ಕಾಣುವಂತೆ ನಕ್ಕಿದ್ದಾನೆ. ಬಾಗಿಲಲ್ಲಿ ನಿಂತ ನೆಂಟನ ಹಾಗೆ ಕಾಣುತ್ತಾನೆ.

ಮರುದಿನ ಮನೆಗೆ ಬಂದು ಅವಳು ತಲೆಗೆ ನೀರು ಹಾಕಿಕೊಂಡಳು. ಆ ದಿನ ಅಡುಗೆ ಮಾಡಲಿಲ್ಲ. ಉಪವಾಸವಾ ಎಂದು ಗಂಡ ಕೇಳಿದ. “ನಿನ್ನೆದು ಸುಳ್ಳಾಗಿತ್ತಲ್ಲ,” ಎಂದಳು.

ಮಾರ್ಚಿನಲ್ಲಿ ಕೆಲಸ ಕಾಯಂ ಆಯಿತು. ಯುಗಾದಿ ಊಟಕ್ಕೆ ಸೇರಿದವರ ಎದುರು ಮಹಾಬಲೇಶ್ವರ ತನ್ನ ಸಿದ್ಧಾಂತ ಸಾಬೀತಾದದ್ದನ್ನು ಎರಡು ಸಲ ಹೇಳಿದ. ಸಲ್ಡಾನ ಗುರುಕಾಣಿಕೆಯಾಗಿ ಮೈಸೂರ್‌ಪಾಕಿನ ಡಬ್ಬಿ ತೆಗೆದುಕೊಂಡು, ಇವರನ್ನು ತಯಾರು ಮಾಡುವಷ್ಟರಲ್ಲಿ ನನಗೆ ಸಾಕಾಯಿತು ಎಂದ. ಫೋಟೊ ಆಸ್ಪತ್ರೆಯ ಟೀ ರೂಮಿನ ಗೋಡೆ ಸೇರಿತು. ಅದರ ಕೆಳಗೆ ನಿಂತು ರಾಟ್ರೆ ಹೇಳುವ ಕಥೆಯಲ್ಲಿ ಮೀನು ತಿಂಗಳಿಗಿಷ್ಟು ಬೆಳೆಯಿತು. ಚಳಿಗಾಲದ ಹೊತ್ತಿಗೆ ಕಥೆಯಲ್ಲಿ ಕಸ್ತೂರಿ ಇರಲಿಲ್ಲ. ಕ್ರಿಸ್‌ಮಸ್ ಪಾರ್ಟಿಯಲ್ಲಿ ಅವಳೇ ಎದುರು ಕೂತು, ಕೈಯಲ್ಲಿ ಕಿತ್ತಳೆ ರಸ ಹಿಡಿದು, ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು.

ಅವಳು ಶನಿವಾರದ ಕಡಲತೀರವನ್ನು ಮಾತ್ರ ಬಿಡಲಿಲ್ಲ. ಕೆಲಸ ಆಯ್ತಲ್ಲ, ಇನ್ಯಾಕೆ ಎಂದು ಗಂಡ ಕೇಳಿದರೆ, “ಕೈ ತಪ್ಪಬಾರದು,” ಎನ್ನುತ್ತಿದ್ದಳು. ಹಿಡಿದದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಎತ್ತಿ ಬಿಟ್ಟುಬರುತ್ತಿದ್ದಳು.

ಮತ್ತೆ ಫೆಬ್ರವರಿ ಬಂತು. ಅದೇ ನಾಲ್ವರು. ಈ ಸಲ ಕಸ್ತೂರಿ ಶನಿವಾರಕ್ಕೆ ಯಾವ ತಿಥಿಯನ್ನೂ ತರಲಿಲ್ಲ. ಬೆಳಿಗ್ಗೆಯೇ ಎರಡು ಸುಟ್ಟ ಜೋಳ ತಿಂದು ನೀರಿಗಿಳಿದಳು. ಹಿಂಡು ಬೇಗ ಬಂತು. ಅವಳು ಒಂದು ಹಿಡಿದು ಬಿಟ್ಟಳು. ಇನ್ನೊಂದು ಹಿಡಿದು ಬಿಟ್ಟಳು. ಜೋನ್ ಕುರ್ಚಿ ಎಳೆದುಕೊಂಡು ಬಂದು ನೀರಂಚಿನಲ್ಲಿ ಕೂತು ನೋಡತೊಡಗಿದಳು. ರಾಟ್ರೆಯ ಎರೆಯನ್ನು ಏಡಿಗಳು ತಿಂದು ಮುಗಿಸಿದವು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕೋಲು ಬಾಗಿದ ರೀತಿಯಲ್ಲೇ ಅದು ಎಲ್ಲರಿಗೂ ಗೊತ್ತಾಯಿತು. ರಾಟ್ರೆ ತನ್ನ ಕೋಲನ್ನು ಮರಳಿಗೆ ಚುಚ್ಚಿ, ನಿಧಾನವಾಗಿ ಬಂದು ಅವಳ ಪಕ್ಕ ನಿಂತ. ಎರಡು ಕೈಗಳನ್ನು ಸ್ವಲ್ಪ ಮುಂದೆ ಚಾಚಿಕೊಂಡಿದ್ದ, ತೀರ್ಥಕ್ಕೆ ನಿಂತವನ ಹಾಗೆ.

ಮಹಾಬಲೇಶ್ವರ ಹಿಂದಿನಿಂದ ಕನ್ನಡದಲ್ಲಿ, “ಕಸ್ತೂರಿ, ಪಾಪ, ಕಾಯ್ತಿದಾನೆ,” ಎಂದ. “ಕೊಡು ಕಣೆ.”

ಅವಳು ತಿರುಗಿ ನೋಡಲಿಲ್ಲ. ಮೀನು ಎಳೆಯುತ್ತಿತ್ತು, ಅವಳು ಬಿಡುತ್ತಿದ್ದಳು. “ನಿಮ್ಮದು ಪರ್ಮನೆಂಟ್ ಆಯ್ತಲ್ಲ?” ಎಂದಳು.

“ಆಯ್ತು, ಆದ್ರೆ...”

“ಮತ್ತೆ ಸುಮ್ನಿರಿ.”

ಕನ್ನಡದ ನಡುವೆ ಒಂದು ಇಂಗ್ಲಿಷ್ ಪದ ಕೇಳಿ ರಾಟ್ರೆ ಕಿವಿ ನಿಮಿರಿಸಿದ. “ಏನಂತಾಳೆ ಮ್ಯಾಕ್?”

ಯಾವ ಊರಿನಲ್ಲಿ ಏನು ಹೇಳಬೇಕೆಂದು ಹತ್ತು ವರ್ಷ ಕಲಿತಿದ್ದ ಮಹಾಬಲೇಶ್ವರನಿಗೆ ಆಗ ಒಂದು ಸುಳ್ಳೂ ಒದಗಿ ಬರಲಿಲ್ಲ. “ನನ್ನ ಕೆಲಸ ಕಾಯಂ ಆಗಿದೆ ಅಂತಿದಾಳೆ,” ಎಂದುಬಿಟ್ಟ.

ರಾಟ್ರೆ ಅವಳ ಕಡೆ, ಬಾಗಿದ ಕೋಲಿನ ಕಡೆ, ದೂರದಲ್ಲಿ ನೆಗೆದ ಮೀನಿನ ಕಡೆ ನೋಡಿದ.

“ಗೊತ್ತು,” ಎಂದ. “ಸಹಿ ಹಾಕಿದ್ದು ನಾನೇ.”

ಚಾಚಿದ್ದ ಕೈಗಳನ್ನು ಜೇಬಿಗಿಳಿಸಿ ತನ್ನ ಜಾಗಕ್ಕೆ ಹಿಂದಿರುಗಿದ.